ಸಾಮಾನ್ಯ ಸದಸ್ಯೆ

ತಿಂಗಳ ಮೂರನೇ ಗುರುವಾರ ನಾನು
ಕೌಲ್ ಬಜಾರಿನ ಶೆಡ್ಡನ್ನು ತಮ್ಮನಿಗೆ ಬಿಟ್ಟು
ಆಸ್ಪತ್ರೆಯ ನೀತಿ ಸಮಿತಿಗೆ ಹೋಗುತ್ತೇನೆ.
ಡಾಕ್ಟರಲ್ಲದ, ವಕೀಲರಲ್ಲದ ಒಬ್ಬರು ಇರಲೇಬೇಕಂತೆ.
ಆ ಒಬ್ಬರು ನಾನು: ಪ್ರಮೀಳಾಬಾಯಿ ಹೊವಳೆ,
ಜೀನ್ಸ್ ಹೊಲಿಗೆ, ಹನ್ನೆರಡು ಮಿಷನ್ನು,
ಉಗುರ ಸಂದಿಯಲ್ಲಿ ತೊಳೆದರೂ ಹೋಗದ ನೀಲಿ.

ಈ ಸಲ ಬಂದದ್ದು ಒಂದು ಅಣಬೆಯ ಅರ್ಜಿ.
ಅಣಬೆಯೊಳಗಿನ ಸತ್ವ, ಒಂದೇ ಒಂದು ಕ್ಯಾಪ್ಸೂಲು,
ಯಾವ ಗುಳಿಗೆಗೂ ಬಗ್ಗದ ಖಿನ್ನತೆಯವರಿಗೆ.
"ಆರು ತಾಸು," ಅಂದರು ಡಾಕ್ಟರ್ ಶಫಿಉಲ್ಲಾ,
"ಪಕ್ಕದಲ್ಲಿ ಇಬ್ಬರು ಕೂತಿರುತ್ತಾರೆ.
ಹೊರದೇಶದಲ್ಲಿ ಕೆಲವರು ಎದ್ದು ನಡೆದರು,
ಕೆಲವರು ಮತ್ತೆ ಮಲಗಿದರು. ಸುಳ್ಳು ಹೇಳಲಾರೆ."
ಆ ಕೊನೆಯ ಮಾತಿಗೆ ನಾನವರನ್ನು ನಂಬಿದೆ.

ವಕೀಲ ಗವಿಸಿದ್ದಪ್ಪ ಕನ್ನಡಕ ಏರಿಸಿದರು:
"ಇಲ್ಲಿ ಔಷಧಿ ಅಂದದ್ದು ಗೇಟಿನಾಚೆ ಗುನ್ನೆ."
ರುದ್ರಾಂಬಿಕೆ ಮೇಡಂ ರಕ್ತದೊತ್ತಡ ಕೇಳಿದರು,
ಮನೆತನದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತೇ
ಎಂದು ಮೊದಲೇ ವಿಚಾರಿಸುತ್ತೀರಾ ಅಂದರು.
ಹಿರಿಯರೊಬ್ಬರು ಮಿರ್ಚಿಯ ತೊಟ್ಟು ಮುರಿಯುತ್ತ,
"ನಮ್ಮಜ್ಜ ಮಠದಾಗ ಚಿಲುಮೆ ಸೇದಿ
ಬೆಳತನಕ ತತ್ವಪದ ಹೇಳ್ತಿದ್ದ. ಒಂದಿನ ಅತ್ತವನಲ್ಲ."
ಅಜ್ಜಿ ಅತ್ತಿರಬೇಕು, ಅಂದುಕೊಂಡೆ. ಹೇಳಲಿಲ್ಲ.

ನನ್ನ ಪಾಲಿಗೆ ಬಂದದ್ದು ಒಪ್ಪಿಗೆ ಪತ್ರದ ಕನ್ನಡ.
ಅವಸರದಲ್ಲಿ ಹೊಲಿದ ಕನ್ನಡ,
ಒಳಮೈ ತಿರುವಿದರೆ ದಾರಗಳು ಜೋತಾಡುತ್ತವೆ.
"ಆರು ಗಂಟೆಗಳ ಪ್ರವಾಸ" ಎಂದು ಬರೆದಿದ್ದಾರೆ,
ಕೆಳಗಡೆಯೇ "ಪ್ರವಾಸ ಭತ್ಯೆ ಇನ್ನೂರು ರೂಪಾಯಿ."
ಸಿರುಗುಪ್ಪದ ಬಸ್ಸಿಳಿದವ ಯಾವುದನ್ನು ಯಾವುದೆಂದುಕೊಳ್ಳಬೇಕು?
"ಭ್ರಮೆಗಳು ಉಂಟಾಗಬಹುದು."
ಸತ್ತ ತಾಯಿ ಮಂಚದ ಅಂಚಿಗೆ ಬಂದು ಕೂತರೆ
ಅವನದನ್ನು ಭ್ರಮೆ ಅಂತಾನಾ? ಬಂದಿದ್ದಳು ಅಂತಾನೆ.
ಪೆನ್ಸಿಲ್ಲಿನಲ್ಲಿ ಆ ಪದ ಹೊಡೆದು ಹಾಕಿದೆ,
ಬದಲಿಗೆ ಇನ್ನೊಂದು ಸಿಗಲಿಲ್ಲ.

ಹದಿನಾರನೆಯ ಕಲಮು:
"ಅಗತ್ಯವಿದ್ದಲ್ಲಿ ಕೈ ಹಿಡಿಯಲಾಗುವುದು.
ಅದಕ್ಕೆ ಮುಂಚಿತವಾಗಿ ಸಹಿ ಪಡೆಯಲಾಗುವುದು."

ಅಲ್ಲಿ ನಿಂತೆ.
ವೆಂಕೋಬನಿಗೆ ಆಗ ಏಳು ವರ್ಷ, ಗುಡ್ಡದ ಬುಡದಲ್ಲಿ
ಉಮ್ಮತ್ತಿ ಕಾಯಿ ತಿಂದು ಬಂದ.
ರಾತ್ರಿಯಿಡೀ ಗೋಡೆಯಿಂದ ಇರುವೆ ಆರಿಸಿದ,
ಇಲ್ಲದ ಇರುವೆ. ಅವ್ವ ಅವನ ಮಣಿಕಟ್ಟು ಹಿಡಿದು
ತಾನೂ ಆರಿಸಿದಳು, ಎಣಿಸಿ ಸೆರಗಿಗೆ ಕಟ್ಟಿದಳು.
ಅವಳು ಯಾರ ಸಹಿಯನ್ನೂ ಕೇಳಲಿಲ್ಲ.

ಆದರೆ ಹೊಲಿಗೆ ಶೆಡ್ಡಿನ ಹೆಣ್ಣಿಗೆ ಗೊತ್ತು,
ಹಿಡಿಯುವ ಕೈಯೆಲ್ಲ ಅವ್ವನ ಕೈಯಲ್ಲ.
ಹತೋಟಿ ತಪ್ಪಿದವಳ ಪಕ್ಕ ಕೂರುವ ಇಬ್ಬರು ಯಾರು?
ಒಬ್ಬರಾದರೂ ಹೆಂಗಸೇ? ಬಾಗಿಲು ತೆರೆದಿರುತ್ತದೆಯೇ?
ಕೇಳಿದೆ. ಶಫಿಉಲ್ಲಾ ಬರೆದುಕೊಂಡರು.
ಮರುದಿನ ಯಾರು ಕೂರುತ್ತಾರೆ? ಅದನ್ನೂ ಕೇಳಿದೆ.
ಪೆನ್ನು ನಿಂತಿತು.

ತಿದ್ದಿ ತನ್ನಿ ಎಂದು ಅರ್ಜಿ ವಾಪಸು ಹೋಯಿತು.

ಹೊಸ ಪ್ಯಾಂಟನ್ನು ಕಲ್ಲು ಹಾಕಿ ತಿರುವಿ
ಹಳತು ಮಾಡಿ ಮಾರುವ ಊರು ನಮ್ಮದು.
ಹಳೆ ಮನಸ್ಸನ್ನು ಒಂದೇ ಒಗೆತಕ್ಕೆ ಹೊಸದು ಮಾಡುವ
ವಿದ್ಯೆ ಇದ್ದರೆ ಇರಲಿ, ಬೇಡವೆನ್ನಲು ನಾನ್ಯಾರು.
ಬಣ್ಣ ಎಷ್ಟು ಬಿಟ್ಟೀತು, ಅದನ್ನು ಮೊದಲು ಹೇಳಿ.

ಶೆಡ್ಡಿನಲ್ಲಿ ವೆಂಕೋಬ ಗುಂಡಿ ಎಣಿಸುತ್ತಿದ್ದ.
ಹತ್ತೊಂಬತ್ತು ವರ್ಷದಿಂದ ಬೆಳಗ್ಗೆ ಎರಡು, ರಾತ್ರಿ ಒಂದು ಗುಳಿಗೆ;
ಊಟ ಮಾಡೆಂದರೆ ಮಾಡುತ್ತಾನೆ, ನಗೆಂದರೆ ನಗುತ್ತಾನೆ.
"ಏನಾತಕ್ಕಾ ಇವತ್ತು?"
"ಮುಂದಿನ ತಿಂಗಳಿಗೆ ಹಾಕ್ಯಾರ."
"ಯಾವುದನ್ನ?"

ಬೆಳಗ್ಗೆ ಮೊದಲ ಹಾಳೆಯಲ್ಲೊಂದು ಪ್ರಶ್ನೆ ಇತ್ತು:
ಈ ವಿಷಯದಲ್ಲಿ ನಿಮ್ಮ ಹಿತಾಸಕ್ತಿ ಏನಾದರೂ ಇದೆಯೇ.
ಇಲ್ಲ ಎಂಬಲ್ಲಿ ಗುರುತು ಹಾಕಿ ಬಂದಿದ್ದೇನೆ,
ಪೆನ್ಸಿಲ್ಲಲ್ಲ, ಪೆನ್ನಿನಲ್ಲಿ.